ಸೇಬಿನ ಮರದ ಕೆಳಗೆ ತಂಗಿ ಕಾಯ್ತಿದ್ದಾಳೆ

ಥಾರ್ನ್‌ಲೋ ಬಂಗಲೆಯ ತೋಟದಲ್ಲಿ ಅಡ್ಡಾಡುತ್ತಿದ್ದವರನ್ನೆಲ್ಲ ಮಧ್ಯಾಹ್ನದ ಮಳೆ ಅಟ್ಟಿಸಿಕೊಂಡು ಬಂದು, ಹಳೆಯ ಕುದುರೆ ಲಾಯದ ಚಹಾದಂಗಡಿಗೆ ತುಂಬಿತ್ತು. ಒದ್ದೆ ಕೋಟುಗಳಿಂದ ಹಬೆ ಏಳುತ್ತಿತ್ತು. ಬಂದವರಿಗೆ ಬಂಗಲೆ ತೋರಿಸುತ್ತಲೇ ಮುದುಕಿಯಾದ ಎನಿಡ್ ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಇಲ್ಲಿ ದೆವ್ವ ಇದೆಯಂತಲ್ಲ ಎಂದು ಯಾರೋ ಅವಳನ್ನು ಕೆಣಕಿದರು.

"ಇದೆ ಅನ್ಬೇಡಿ, ಇದ್ದಾಳೆ ಅನ್ನಿ. ದೊಡ್ಡ ಮನೆತನದ ಹೆಂಗಸು, ಬೇಜಾರು ಮಾಡ್ಕೋತಾಳೆ...

"ಹಿಂದಿನ ಕಾಲದಲ್ಲಿ ಈ ಮನೆ ಯಜಮಾನಿ ಹೊನೋರಿಯಾಗೆ ಸಿಸಿಲಿ ಅಂತ ಒಬ್ಬಳೇ ತಂಗಿ. ಮನೇಲಿ ಯಾರಿಗೂ ಹಿಡಿಸದ ಮದುವೆ ಮಾಡ್ಕೊಂಡ್ಲು ಅಂತ ಅಕ್ಕ ಮಾತು ಬಿಟ್ಟಳು. ಒಂದು ಚಳಿಗಾಲ ತಂಗಿ ಕಾಯಿಲೆ ಮೈಯಲ್ಲೇ ಬಂದು, ಗೋಡೆ ಕಟ್ಟಿದ ತೋಟದಲ್ಲಿ ಸೇಬಿನ ಮರದ ಕೆಳಗೆ ಅಕ್ಕನಿಗೆ ಕಾದು ಕೂತ್ಲು. ಅಕ್ಕ ಕಿಟಕಿಯಿಂದ ನೋಡಿದ್ಲು. ನೋಡಿ... ಪರದೆ ಎಳೆದ್ಲು. ಎದ್ದು ಹೋದ ತಂಗಿ ಚಳಿಗಾಲ ಮುಗಿಯೋ ಮುಂಚೇನೇ ತೀರ್ಕೊಂಡ್ಲು. ಅಂಥಾ ಅಕ್ಕನಿಗೆ ಮಣ್ಣಿನಡಿ ನಿದ್ದೆ ಎಲ್ಲಿಂದ ಬರ್ಬೇಕು ಹೇಳಿ?

"ಈಗ ಬೆರಿಲ್ ವಿಷಯ ಕೇಳಿ. ಪಕ್ಕದ ಊರಲ್ಲಿ ಬಟ್ಟೆ ಹೊಲಿಯೋಳು. ಬಾಯಿ ಜೋರು, ಕರುಳು ಮೆತ್ತಗೆ. ಅಮ್ಮ ಸಾಯೋವಾಗ ನೀನು ಬರ್ಲಿಲ್ಲ ಅಂತ ಇವಳು, ನೀನು ಹೊತ್ತಿಗೆ ಸರಿಯಾಗಿ ಹೇಳ್ಲಿಲ್ಲ ಅಂತ ತಂಗಿ ಡಾಟ್... ಎಷ್ಟೋ ವರ್ಷ ಮಾತಿಲ್ಲ. ಒಂದು ವರ್ಷ ಬೆರಿಲ್‌ಗೆ ಹೃದಯದ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಬದುಕ್ತೀನೋ ಇಲ್ವೋ, ಒಂದ್ಸಲ ಇಲ್ಲಿನ ಗುಲಾಬಿ ನೋಡ್ಕೊಂಡು ಬರ್ತೀನಿ ಅಂತ ಒಬ್ಬಳೇ ಬಂದ್ಲು. ತಂಗಿಗೆ ಹೇಳಿರ್ಲಿಲ್ಲ. ಯಾವ ಬಾಯಲ್ಲಿ ಹೇಳ್ತಾಳೆ?

"ತೋಟದ ಬಾಗಿಲಲ್ಲಿ ಬೂದು ಕೈಗವಸಿನ ಮುದುಕಿಯೊಬ್ಬಳು ತಡೆದ್ಲು. 'ಸೇಬಿನ ಮರದ ಕೆಳಗೆ ನನ್ನ ತಂಗಿ ಕೂತಿದ್ದಾಳಮ್ಮ. ನನಗೆ ಅಲ್ಲೀವರೆಗೆ ಹೋಗೋಕಾಗಲ್ಲ. ಕರ್ಕೊಂಡು ಬರ್ತೀಯಾ?'

"ಅಯ್ಯೋ ಪಾಪ ಅಂತ ಬೆರಿಲ್ ಹೋದ್ಲು. ಬೆಂಚಿನ ಮೇಲೆ ಕೂತಿದ್ದೋಳು ಯಾರು ಅಂತೀರಿ? ಡಾಟ್. ತನ್ನೂರಿನ ಹೆಂಗಸರ ಜೊತೆ ಬಸ್ಸಲ್ಲಿ ಬಂದಿದ್ಲು. ಬೆರಿಲ್ ತಿರುಗಿ ಹೊರಟೇಬಿಡ್ತಿದ್ಲು. ಅಷ್ಟರಲ್ಲಿ ಡಾಟ್ ಸರ್ಕೊಂಡು ಜಾಗ ಬಿಟ್ಟಳು. ಒಳಗೆ ಬರೋವಾಗ ಬಾಗಿಲಲ್ಲಿ ಯಾರೋ ಅಜ್ಜಿ, ಮರದ ಕೆಳಗೆ ಕೂತಿರು, ಅಕ್ಕ ಬರ್ತಾಳೆ, ಎದ್ದು ಹೋಗ್ಬೇಡ ಅಂದಿದ್ಲಂತೆ.

"'ಎಷ್ಟು ದಪ್ಪ ಆಗಿದ್ದೀಯೇ' ಅಂದ್ಲು ಬೆರಿಲ್.

"'ನಿನ್ನ ನಾಲಿಗೆ ಮಾತ್ರ ಇನ್ನೂ ಸವೆದಿಲ್ಲ.'

"ಆಮೇಲೆ ಬೆರಿಲ್ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ್ಲು: 'ಗುರುವಾರ ನನ್ನ ಎದೆ ಕುಯ್ತಾರೆ ಕಣೇ. ಭಯ ಆಗ್ತಿದೆ.'

"ಡಾಟ್ ಅಕ್ಕನ ಕೈ ಹಿಡ್ಕೊಂಡ್ಲು, ಬಸ್ಸು ಹೋದ್ರೂ ಬಿಡ್ಲಿಲ್ಲ.

"ಇಬ್ಬರೂ ಮೂಗು ಒರೆಸ್ಕೊಂಡು ನನ್ನ ಹತ್ರ ಬಂದ್ರು. ಬಾಗಿಲಲ್ಲಿ ಒಬ್ಬ ಅಜ್ಜಿ ತಂಗಿಗೆ ಕಾಯ್ತಿದ್ದಾಳೆ, ತಂಗಿ ಎಲ್ಲೂ ಸಿಗ್ಲಿಲ್ಲ, ನೀವಾದ್ರೂ ಹುಡುಕಿ ಅಂದ್ರು. ನಾನು ಹೋಗಿ ನೋಡಿದ್ರೆ... ಅಲ್ಲಿ ಯಾರಿರ್ತಾರೆ?

"ಆಪರೇಷನ್ ದಿನ ಡಾಟ್ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಬೆರಿಲ್ ಗಟ್ಟಿಯಾದ್ಲು. ಈಗ್ಲೂ ಗುಲಾಬಿ ಬಿಡೋ ಕಾಲಕ್ಕೆ ಜೊತೇಲಿ ಬರ್ತಾರೆ, ನಮ್ಮ ಕೇಕು ಚೆನ್ನಾಗಿಲ್ಲ ಅಂತ ಬೈಕೊಂಡೇ ಎರಡೆರಡು ತಿಂತಾರೆ."

ಎಲ್ಲರೂ ನಕ್ಕರು. ಆ ಮುದುಕಿ ಮತ್ತೆ ಯಾರಿಗಾದರೂ ಕಂಡಳೇ ಎಂದು ಒಬ್ಬರು ಕೇಳಿದರು. ಎನಿಡ್ ಚಹಾದ ಕಪ್ಪು ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಮಳೆ ಶುರುವಾದ ಕೂಡ್ಲೇ ತೋಟದ ಕೆಲಸದೋರನ್ನೆಲ್ಲ ಮನೆಗೆ ಕಳಿಸಿಬಿಟ್ವಿ. ನೀವು ಓಡಿ ಬರುವಾಗ ತೋಟದ ಬಾಗಿಲು ತೆರೆದು ಹಿಡಿದು ನಿಂತಿದ್ದೋಳು... ನಿಮ್ಮಲ್ಲಿ ಯಾರನ್ನ ಏನು ಕೇಳಿದ್ಲು?"