ಐದನೇ ಮಹಡಿಯ ಕರೆ

ನಗಬೇಡಿ... ಇದು ಆಗಿದ್ದು ನನ್ನ ಚಿಕ್ಕಮ್ಮನ ಮನೇಲೇ, ಸ್ಫಾಕ್ಸ್ ಅನ್ನೋ ಊರಲ್ಲಿ, ಹೋದ ರಂಜಾನಿನಲ್ಲಿ.

ಉಪವಾಸ ಬಿಡೋಕೆ ಇನ್ನು ಅರ್ಧ ಗಂಟೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಚಿಕ್ಕಮ್ಮನ ಮಗ ಝುಹೈರ್ ಹಳೇ ಬಾವಿ ದಾಟಿ ಮನೆ ಕಡೆ ಓಡ್ತಿದ್ದ. ಬಾವಿ ಮುಚ್ಚಳದ ಕೆಳಗೆ ತೊಟ್... ತೊಟ್... ಬೇರೆ ಸದ್ದೇ ಇಲ್ಲ. ಬಗಲಲ್ಲಿ ಲ್ಯಾಪ್‌ಟಾಪ್. ಇವತ್ತು ಅವರ ಕಟ್ಟಡದ ಲಿಫ್ಟನ್ನ ನಿಲ್ಲಿಸದಿದ್ರೆ ಅಮ್ಮ ಉಳಿಯಲ್ಲ ಅಂತ ಅವನಿಗೆ ಗೊತ್ತಿತ್ತು.

ಅವನಪ್ಪ ಅಂಗಡಿಯಿಂದ ಬರೋದು ದಿನಾ ತಡ. ಲಿಫ್ಟಲ್ಲೇ ಒಂದು ಖರ್ಜೂರ ಬಾಯಿಗೆ ಹಾಕ್ಕೊಂಡು ಉಪವಾಸ ಬಿಡ್ತಿದ್ರು. ಮೂರನೇ ರೋಜಾದ ದಿನ ಐದರ ಗುಂಡಿ ಒತ್ತಿದ್ರು... ಮೇಲೆ ಬಾಗಿಲು ತೆರೆದಾಗ ಖರ್ಜೂರ ಕೈಯಲ್ಲೇ ಇತ್ತು. ಜೀವ ಇರಲಿಲ್ಲ.

ಆಮೇಲಿಂದ ದಿನಾ ಅದೇ ಹೊತ್ತಿಗೆ ಲಿಫ್ಟ್ ತಾನಾಗೇ ಮೇಲೆ ಬರೋದು. ಕಿರ್ರ್... ಟಕ್. ಖಾಲಿ. ಚಿಕ್ಕಮ್ಮ ಮಬ್ರೂಕಾ ಅದರ ಮುಂದೆ ಕುರ್ಚಿ ಹಾಕ್ಕೊಂಡು ಕೂತಿರೋಳು. ಮೊದಲೇ ಸಕ್ಕರೆ ಕಾಯಿಲೆ. "ಅವರು ಉಪವಾಸ ಬಿಡದೆ ನಾನು ಬಿಡಲ್ಲ" ಅಂತ ಮಧ್ಯರಾತ್ರಿವರೆಗೂ ನೀರು ಮುಟ್ಟುತ್ತಿರಲಿಲ್ಲ. ಎರಡು ಸಲ ತಲೆ ತಿರುಗಿ ಬಿದ್ದಳು.

ಲಿಫ್ಟಿನ ಪ್ರೋಗ್ರಾಂ ಬರೆದವನು ಝುಹೈರನೇ. ತಪ್ಪು ಎಲ್ಲಿದೆ ಅಂತ ಸಿಕ್ಕಿತ್ತು. ಗುಂಡಿ ಒತ್ತಿದ ಒಂದೊಂದು ಕರೆಗೂ ಒಂದು ಎಣಿಕೆ... ಪ್ರೋಗ್ರಾಮಿನೊಳಗೆ ಎಷ್ಟು ಕೈ ಅದನ್ನ ಹಿಡಿದಿವೆ ಅಂತ. ಸೊನ್ನೆಯಾದ್ರೆ ಯಂತ್ರ ಅದನ್ನ ಮರೆಯುತ್ತೆ. ಇವನು ಕರೆ ಮಹಡಿಯನ್ನ, ಮಹಡಿ ಕರೆಯನ್ನ ಹಿಡ್ಕೊಳ್ಳೋ ಹಾಗೆ ಬರೆದಿದ್ದ. ಹಂಗಾಗಿ ಎಣಿಕೆ ಸೊನ್ನೆಗೆ ಇಳೀದೆ ಅಪ್ಪನ ಕರೆ ಸಾಯದೇ ಉಳಿದಿತ್ತು. ಒಂದು ಹಿಡಿತ ಸಡಿಲ ಮಾಡಿದ್ರೆ ಸಾಕು. ಸಡಿಲ ಹಿಡಿತ 'ಇದ್ದೀಯಾ' ಅಂತ ಕೇಳಬಹುದು ಅಷ್ಟೆ, ಹಿಡಿದಿಡೋಕಾಗಲ್ಲ. ಆದರೆ ದಿನಾ ಅದೇ ಹೊತ್ತಿಗೆ ಯಾಕೆ? ಅದು ಮಾತ್ರ ಅವನಿಗೂ ತಿಳೀಲಿಲ್ಲ.

ಕೆಳಗೆ ಲಿಫ್ಟಿನ ಪೆಟ್ಟಿಗೆಗೆ ವೈರ್ ಸಿಕ್ಕಿಸಿದ. ಕಾವಲುಗಾರ ಬೂರಾವಿ ಪಿಸುಗುಟ್ಟಿದ, "ಬೇಗ ಮುಗಿಸಪ್ಪಾ... ನನ್ನ ಶೋರ್ಬಾ ಆರಿಹೋಗ್ತದೆ."

"ನಿನ್ನ ಶೋರ್ಬಾ ಎಲ್ಲಿಗೂ ಓಡಲ್ಲ, ಸುಮ್ನಿರು ಮಾವ."

ಒಂದು ಹಿಡಿತ ಸಡಿಲ ಮಾಡಿದ. ಎಣಿಕೆ ಸೊನ್ನೆ. ಕರೆಯನ್ನ 'ಇದ್ದೀಯಾ' ಅಂತ ಕೇಳಿದ. ಪರದೆ ಮೇಲೆ ಬಂತು... ಇಲ್ಲ. ಅಪ್ಪನನ್ನ ಎರಡನೇ ಸಲ ಮಣ್ಣು ಮಾಡಿದ ಹಾಗಾಗಿ ಅವನಿಗೆ ಅಳು ಬಂತು. "ಲಿಫ್ಟಿನ ಮೇನ್ ಸ್ವಿಚ್ಚೂ ತೆಗೆದುಬಿಡು ಮಾವ" ಅಂದ. ಟಪ್.

ಮೆಟ್ಟಿಲು ಹತ್ತಿ ಹೋದ. "ಯಮ್ಮಾ, ಇನ್ನು ಬರಲ್ಲ. ನಾನೇ ಅಳಿಸಿದೆ. ಮಸೀದಿಯಲ್ಲಿ ಬಾಂಗ್ ಕೂಗಿದ ತಕ್ಷಣ ನೀರು ಕುಡಿ... ನಿನ್ನ ಕಾಲಿಗೆ ಬೀಳ್ತೀನಿ."

"ನಿನ್ನಪ್ಪನ್ನ ಅಳಿಸೋಕೆ ನೀನ್ಯಾರೋ?" ಅವಳ ದನಿ ಮೇಲೇಳಲಿಲ್ಲ. "ಕೂತ್ಕೋ."

ಬಾಂಗ್ ಶುರುವಾಯ್ತು.

ಕಿರ್ರ್...

ಕೆಳಗಿಂದ ಬೂರಾವಿ ಕಿರುಚಿದ, "ನಾನು ಸ್ವಿಚ್ಚು ಮುಟ್ಟಿಲ್ಲಪ್ಪೋ!"

ಟಕ್. ಬಾಗಿಲು ತೆರೀತು. ಒಳಗೆ ದೀಪ ಇಲ್ಲ. ಯಾರೂ ಇಲ್ಲ. ಚಿಕ್ಕಮ್ಮ ಎದ್ದು ಒಳಗೆ ಬಗ್ಗಿ ನೆಲದಿಂದ ಏನನ್ನೋ ಹೆಕ್ಕಿಕೊಂಡಳು. ಆಮೇಲೆ ಬಿಸ್ಮಿಲ್ಲಾ ಅಂದು ಗಟಗಟ ನೀರು ಕುಡಿದಳು.

ಸ್ವಲ್ಪ ಹೊತ್ತಿಗೆ ನಾನು ಹೋದಾಗ ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. ಖರ್ಜೂರದ ಬೀಜ. ನಂಬಿ, ಬಿಡಿ... ಈ ಕೈಯಲ್ಲೇ ಮುಟ್ಟಿದ್ದೀನಿ. ಇನ್ನೂ ಒದ್ದೆ ಇತ್ತು.