ನವರಂಗ ಕಂಡ ಬೆಳಿಗ್ಗೆ ಇಮಾಮಗ ಹಚ್ಚಿದ ಫೋನು

ಹಲೋ... ಹಲೋ, ಯಾರ‍್ರಿ ಮಾತಾಡೂದು? ಇದು ಇಮಾಮುದ್ದೀನನ ನಂಬರ್ ಅಲ್ಲೇನ್ರಿ?...

...ರೇಷ್ಮಾ! ಅಯ್ಯ, ನೀ ಏನವಾ! ದನಿ ಎಷ್ಟು ದೊಡ್ಡದಾಗೇತಿ ನಿಂದು. ಯಾರೋ ಅಕ್ಕೋರು ಅಂದ್ಕೊಂಡು ಮರ‍್ಯಾದಿ ಕೊಟ್ಟು ಮಾತಾಡಿದೆ ನೋಡು. ನಾನು ಸಿದ್ಧಾರೂಢ... ಹಾಂ, ಹಾಂ, ಡ್ರೈವರ್ ಸಿದ್ದು ಕಾಕಾ. ಮರತೀಯೋ ಏನೋ ಅಂತ ಮಾಡಿದ್ದೆ.

...ಆರಾಮ ಅದೀನಿ. ಅದು ಮಳಿ ಸಪ್ಪಳ, ಛತ್ರಿ ಮ್ಯಾಲೆ ಬೀಳಾಕತ್ತೈತಿ. ಕಲಘಟಗಿ ಆಚೆ, ಅಡವಿ ದಂಡಿಗೆ ಒಂದ ಕೆರಿ ಐತಲ್ಲ, ಅಲ್ಲೆ ಟೆಂಟ್ ಹೊಡದೀನಿ. ಟೆಂಟಿನಾಗ ಸಿಗ್ನಲ್ ಇಲ್ಲ, ಏರಿ ಮ್ಯಾಲೆ ಬಂದು ನಿಂತೀನಿ.

...ಒಬ್ಬನೇ. ಅಂದ್ರ ಹಾರ್ನ್ಯಾ, ಬ್ರೇಕ್ಯಾ ಅದಾವ. ಎರಡೆರಡು ನಾಯಿ ಇಟ್ಕೊಂಡು ಒಬ್ಬನೇ ಅನ್ನಬಾರದು, ಬ್ಯಾಸರಾ ಮಾಡ್ಕೋತಾವು... ಇಂಥಾ ಮಳ್ಯಾಗ ಯಾಕ ಅಂದ್ರ? ಪ್ರತಿ ವರ್ಷ ಆರಿದ್ರಾ ಮಳಿಗೆ ಇಲ್ಲೇ ಬರತಿದ್ವಲ್ಲವಾ ನಾನೂ ನಿಮ್ಮ ಅಬ್ಬಾನೂ, ಹಕ್ಕಿ ನೋಡಾಕ. ಹ್ವಾದ ವರ್ಷ ಒಬ್ಬನೇ ಬಂದೆ. ಈ ವರ್ಷಾನೂ ಹಂಗ.

...ಇರಲಿ ಬಿಡು. ಅಬ್ಬಾಗ ಕೊಡು ಫೋನು, ಒಂದ ಮಾತು ಹೇಳೂದೈತಿ.

...ಮನ್ಯಾಗಿಲ್ಲ? ಎಲ್ಲೆ ಹೋಗ್ಯಾನ?... ಸಂತಿಗೆ? ಮುಂಜಾನೆ ಏಳಕ್ಕ ಯಾವ ಸಂತಿ ಕೂಡತೈತಿ ಅಣ್ಣಿಗೇರ‍್ಯಾಗ?

...ಹಂಗಾರ ನಿನ್ನ ಹಿಂದ ಈಗ ಕೆಮ್ಮಿದಾಂವ ಯಾರು?

...ಬೇಟಾ, ಇಪ್ಪತ್ತಾರು ವರ್ಷ ಆ ಕೆಮ್ಮು ನನ್ನ ಬೆನ್ನ ಹಿಂದ ಕೇಳೀನಿ. ನಾ ಸ್ಟೇರಿಂಗ್ ಹಿಡಿದಿದ್ದೆ, ಅಂವ ಹಿಂದ ಟಿಕೀಟ ಹರೀತಿದ್ದ. ಸಾವಿರ ಮಂದ್ಯಾಗ ಕೆಮ್ಮಿದ್ರೂ ಗುರ್ತು ಹಿಡೀತೀನಿ... ಅಳಬ್ಯಾಡ ನೀ. ಅಳೂದಲ್ಲಾ? ನಗಾಕತ್ತೀಯೇನು? ನಗು, ನಗು. ಅಂವನ ಸಲುವಾಗಿ ನೀ ಸುಳ್ಳು ಹೇಳಬ್ಯಾಡ ಅಷ್ಟೇ. ಸ್ಪೀಕರ್ ಹಾಕಿ ಅಲ್ಲೆ ಎಲ್ಲೆರ ಇಡು. ಮಾತಾಡೂದು ಬ್ಯಾಡ ಅಂವ, ಕೂತು ಕೇಳಲಿ.

...ಹಾಕಿದಿ? ಹಾಂ.

ಇಮಾಮ, ನಾ ಇವತ್ತ ನವರಂಗ ನೋಡಿದೆ.

...

ಕೇಳಿಸ್ತೇನು? ನವರಂಗ ಹಕ್ಕಿ! ಈಗ, ಅರ್ಧಾ ತಾಸಿನ ಹಿಂದ. ಮಳಿ ಚೂರು ನಿಂತಿತ್ತು. ನಾಯಿ ಎರಡೂ ಒಂದರ ಮ್ಯಾಲೊಂದು ಬಿದ್ದು ಮಲಗಿದ್ವು. ನಾ ಸ್ಟೋ ಹಚ್ಚಿ ಚಾ ಇಟ್ಟಿದ್ದೆ. ಮತ್ತಿ ಗಿಡದ ಬುಡಕ ಸರಬರ ಅಂತ ಸಪ್ಪಳಾತು. ನೋಡಿದ್ರ ಎಲಿ ತಿರುವಿ ಹಾಕಿ ಹುಳಾ ಆರಸಾಕತ್ತಿತ್ತು. ಬೆನ್ನು ಹಸರು, ರೆಕ್ಕಿ ಮ್ಯಾಲೆ ನೀಲಿ ಪಟ್ಟಿ, ಹೊಟ್ಟಿ ಕೆಳಗ ಕೆಂಪು, ಕುಂಕುಮ ಚೆಲ್ಲಿದಂಗ. ಬಾಲಂತೂ ಇಲ್ಲೇ ಇಲ್ಲ, ಯಾರೋ ಕತ್ತರಿಸಿ ಕಳಿಸ್ಯಾರಂಬೂ ಹಂಗ. ನೀ ಹೇಳಿದ್ದಿ ನೋಡು, ಅಗದಿ ಹಂಗ. ಕೂಗಿತು ಸುದ್ದಾ, ಎರಡು ಸಲ, ಸೀಟಿ ಹೊಡದಂಗ. ಚಾ ಉಕ್ಕಿ ಸ್ಟೋ ಆರಿತು, ನಾ ಕೈ ಹಚ್ಚಲಿಲ್ಲ.

...

ರೇಷ್ಮಾ, ಅದೀಯೇನು?... ನಿನಗ ಈ ಕತಿ ಗೊತ್ತಿಲ್ಲಂದ್ರ ಹೇಳತೀನಿ ಕೇಳು. ಎರಡು ವರ್ಷದ ಹಿಂದ ಇದೇ ಜಾಗಾದಾಗ ನಿಮ್ಮ ಅಬ್ಬಾ ನವರಂಗ ನೋಡಿದೆ ಅಂದ. ನಾ ಕೆರಿ ಕಡೆ ಹೋಗಿದ್ದೆ, ನನಗ ಕಂಡಿರಲಿಲ್ಲ. 'ಏ, ಅದು ಮಿಂಚುಳ್ಳಿ ಇರಬೇಕು, ನೀಲಿ ಕಂಡ ಕೂಡ್ಲೆ ನವರಂಗ ಅಂತೀಯಲ್ಲ' ಅಂದೆ. ವಹ್ಯಾಗ ಬರೀಲಿಲ್ಲ. ಬರೀಲೇ ಇಲ್ಲ. ಅದು ನಮ್ಮಿಬ್ಬರ ವಹಿ, ಕಂಡ ಹಕ್ಕಿ ಹೆಸರು, ತಾರೀಕು ಬರಿಯೂದು. ಅಂವ ಟಿಕೀಟ ಹರಕೋತ ಬಾಜೂಕ ನೋಡಾಂವ, ನಾ ಮುಂದ ನೋಡಾಂವ. ನವಲಗುಂದ ರೂಟಿನ್ಯಾಗ ಹೊಲದ ಮ್ಯಾಲೆ ಹಾರೂ ಹಕ್ಕಿ ನೋಡಿ ನೋಡಿ ಹುಚ್ಚು ಹಿಡದದ್ದು ನಮಗ. ಅಂಥಾ ವಹಿ. ಅಂವ ಮರುದಿನ ಮುಂಜಾನೆ ಒಂದ ಮಾತಿಲ್ಲದ ಗಂಟು ಕಟ್ಟಿ ಮದಲನೇ ಬಸ್ಸಿಗೆ ಹ್ವಾದ. ಅವತ್ತಿನಿಂದ ಮಾತಿಲ್ಲ.

...ಹೌದು, ಅದಕ್ಕ ಫೋನ್ ಹಚ್ಚಿದೆ. ಅಂವ ಹೇಳಿದ್ದು ಖರೇ ಇತ್ತು, ನಂದು ತಪ್ಪು. ಇವತ್ತ ವಹ್ಯಾಗ ಎರಡು ವರ್ಷದ ಹಿಂದಿನ ತಾರೀಕು ಹಾಕಿ ಅಂವನ ಹೆಸರೇ ಮದ್ಲ ಬರದೀನಿ. ಇನ್ನೇನು ಮಾಡಲಿ ಹೇಳು.

...ಏನಂದಿ?

...ಹಕ್ಕಿ ಸಲುವಾಗಿ ಅಲ್ಲ? ಮತ್ಯಾಕ?

...ಏ ಹಾರ್ನ್ಯಾ, ಸುಮ್ನಿರಲೇ! ಎಮ್ಮಿ ಅದು, ಅದರ ಪಾಡಿಗೆ ಅದು ಹೋಗಾಕತ್ತೈತಿ... ಹಾಂ, ಹೇಳವಾ. ಯಾಕ ಸಣ್ಣ ದನಿ ಮಾಡಿದಿ? ಅಬ್ಬಾ ಎದ್ದು ಹೊರಗ ಹ್ವಾದ್ನಾ? ಹೇಳು.

...ಹಸರ ಬಣ್ಣದ್ದು? ದಂಡಿಗೆ ಗೊಂಡೆ ಇದ್ದದ್ದಾ? ಹಾಂ, ನೆನಪೈತಿ. ಅವತ್ತ ಸಂಜೀಕ ಮಳಿ ಅಂದ್ರ ಮಳಿ. ನಾಯಿ ಎರಡೂ ತೊಯ್ದು ತಪ್ಪಡಿಯಾಗಿ ಟೆಂಟಿನಾಗ ನುಗ್ಗಿದ್ವು. ಬ್ರೇಕ್ಯಾ ಗಡಗಡ ನಡುಗಾಕತ್ತಿತ್ತು. ಮೂಲ್ಯಾಗ ಒಣಾ ಚಾದರ ಸಿಕ್ತು, ಮಡಚಿ ಇಟ್ಟಿತ್ತು. ತೊಗೊಂಡು ಅದರ ಮೈ ವರಸಿದೆ.

...

...ಚಾದರ ಅಲ್ಲ?

...ಜಾನಮಾಜ. ನಮಾಜಿಗೆ ಹಾಸ್ಕೊಳ್ಳೂದು. ತೊಯ್ದ ನಾಯಿ ತಾಗಿದ್ರ ನಮಾಜಿಗೆ ನಡಿಯೂದಿಲ್ಲ, ಹಾಕ್ಕೊಂಡ ಅರಬೀನೂ ಹಂಗ?

...ಯಾರು ಹೊಲದದ್ದು? ನಿಮ್ಮ ಅಜ್ಜಿ, ಖಾದರಬಿ ಅಮ್ಮಾ?... ಕೈಯಾರೆ? ಕಣ್ಣ ಹೋಗೂಕಿಂತ ಮದ್ಲ ಹೊಲದದ್ದು? ಅಯ್ಯಯ್ಯೋ... ರೇಷ್ಮಾ, ತಡಿ, ಒಂದ ನಿಮಿಷ ತಡೀಯವಾ.

...

...ಅದೀನಿ. ಕೂತೆ. ಹಸಿ ನೆಲದ ಮ್ಯಾಲೇ ಕೂತೀನಿ. ನಿಮ್ಮ ಅಜ್ಜಿ ನನಗ ಎಷ್ಟು ಸಲ ಉಣ್ಣಾಕ ಹಾಕ್ಯಾಳ ಗೊತ್ತೇನು? ನಾ ಮಾಂಸಾ ತಿನ್ನೂದಿಲ್ಲಂತ ಬ್ಯಾರೆ ಬೋಗುಣಿ ಇಟ್ಟಿದ್ಳು. ನನ್ನ ಸಲುವಾಗಿ, ನಾ ಕೇಳದಿದ್ರೂ. ಅಂಥಾಕಿ ಹೊಲದ ಜಾನಮಾಜದಿಂದ ನಾ ನಾಯಿ ವರಸೀನಿ. ನನಗ ನಾಚಿಕಿ ಬರಾಕತ್ತೈತಿ ರೇಷ್ಮಾ. ಬಾಳ ನಾಚಿಕಿ ಬರಾಕತ್ತೈತಿ.

...ಬೈಲಿಲ್ಲ, ಅಂವ ಒಂದ ಮಾತೂ ಬೈಲಿಲ್ಲ. ಮಳ್ಯಾಗ ಹೋಗಿ ಕೆರ‍್ಯಾಗ ಅದನ್ನ ತೊಳಕೊಂಡು ಬಂದ. ನಾ ಹುಚ್ಚ, 'ನಾಳೆ ಒಗದ್ರ ಆಗೂದಿಲ್ಲೇನು' ಅಂದೆ. ಬರೇ ಹೂಂ ಅಂದ... ಮನೀಗೆ ಬಂದು ನಿಮ್ಮವ್ವ ಹಲೀಮಾ ಭಾಭಿ ಮುಂದ ಅತ್ನಾ? ಇಮಾಮ? ಅಂವ ಅತ್ತದ್ದು ನಾ ನೋಡೇ ಇಲ್ಲ.

...ಯಾರು? ಯಾರು ಬಂದ್ರು?

...

ಇಮಾಮ?...

...ನೀನೇ. ಉಸರು ಕೇಳಾಕತ್ತೈತಿ. ಮಾತಾಡಬ್ಯಾಡ. ಆದ್ರ ಫೋನ್ ಇಡಬ್ಯಾಡೋ ಮಾರಾಯಾ.

...ಗೊತ್ತಾಗಲಿಲ್ಲ ನನಗ, ಅದು ಖರೇ. ಆದ್ರ ನೀ ಛತ್ರಿ ಹಿಡಕೊಂಡು ಹೊರಗ ನಿಂತದ್ದು ಕಂಡಿತ್ತು. ನಾಯಿ ಮೈ ಕೊಡವಿದ ನೀರು ನಿನ್ನ ಅರಬಿಗೆ ಸಿಡದಿತ್ತು, ನೀ ಹೊರಗ ಹ್ವಾದಿ. ನಾ ಒಳಗ ಬೆಚ್ಚಗ ಕೂತು ನಕ್ಕೆ. 'ನಾಯೀಗೆ ಇದ್ದಷ್ಟೂ ಬುದ್ಧಿ ನಿನಗಿಲ್ಲ, ಒಳಗ ಬಾ' ಅಂದೆ. ಹೌದಲ್ಲ? ಹಂಗ ಅಂದೆ ಅಲ್ಲ?

...ಹೌದು. ಯಾಕ ಹೊರಗ ನಿಂತೀ ಅಂತ ಒಂದ ಸಲಾನೂ ಕೇಳಲಿಲ್ಲ. ಅದಕ್ಕೂ ಹಿಂದಿನ ವರ್ಷಾನೂ ನಿಂತಿದ್ದಿ, ಅದರ ಹಿಂದಿನ ವರ್ಷಾನೂ. ನಿನಗ ಮಳೀಂದ್ರ ಪ್ರೀತಿ ಅಂದ್ಕೊಂಡಿದ್ದೆ ನಾ!... ನಗಬ್ಯಾಡಲೇ. ಅಲ್ಲ, ನಗು. ನಕ್ಕಿಯಲ್ಲ ಈಗ? ಮೂಗಿನ್ಯಾಗ ನಕ್ಕಿ, ಕೇಳಿಸ್ತು.

...ನೀ ಹೇಳಬೇಕಾಗಿತ್ತಲ್ಲೋ.

...ಹಾಂ. ಹಾಂ, ಅದೂ ಖರೇ. ಹೇಳಿಸ್ಕೊಂಡು ತಿಳಕೊಳ್ಳೂದಲ್ಲ ಅದು. ಶುಕ್ರವಾರ ನವಲಗುಂದದಾಗ ನಿನ್ನ ನಮಾಜ ಮುಗಿಯೂ ತನಕ ಗಾಡಿ ತಡದೀನಿ, ಪ್ಯಾಸೆಂಜರ್ ಕೈಲೆ ಬೈಸಿಕೊಂಡೀನಿ. 'ಇಂಜಿನ್ ಕಾದೈತ್ರಿ' ಅಂತ ಸುಳ್ಳು ಹೇಳೀನಿ. ಅಷ್ಟು ತಿಳೀತಿತ್ತು ನನಗ. ನಾಯಿ ವಿಷಯದಾಗ ಮಾತ್ರ ತಲಿಗೆ ಹೋಗಲೇ ಇಲ್ಲ. ಅವು ನನ್ನ ಮಕ್ಕಳಿದ್ದಂಗ, ಎಲ್ಲಾರಿಗೂ ಹಂಗೇ ಅಂದ್ಕೊಂಡೆ.

...

...ಇಮಾಮ, ಒಂದು ಹೇಳಲಿ? ಎರಡು ವರ್ಷಾತು, ನಾ ಯಾರ ಜೋಡಿನೂ ಕೂತು ಮಾತಾಡಿಲ್ಲ. ಅಂಗಡ್ಯಾಗ 'ಸಕ್ರಿ ಕೊಡ್ರಿ', ಬಸ್ಸಿನ್ಯಾಗ 'ಸರೀರಿ', ಅಷ್ಟೇ. ನನ್ನ ಹೆಂಡ್ತಿ ಸುನಿತಾ ಹೋಗಿ ಆರು ವರ್ಷಾತು, ಆದ್ರ ಮನಿ ಖಾಲಿ ಅನಿಸಿದ್ದು ನೀ ಬರೂದು ಬಿಟ್ಟ ಮ್ಯಾಲೆ. ಇವತ್ತ ನವರಂಗ ಕಂಡ ಕೂಡ್ಲೆ 'ಇಮಾಮ, ನೋಡಲೇ' ಅಂತ ಬಾಯಿಬಿಟ್ಟು ಬಾಜೂಕ ಹೊಳ್ಳಿದೆ. ನಾಯಿ ಕಣ್ಣ ತಗದು ನನ್ನ ನೋಡಿದ್ವು. ಹಕ್ಕಿ ಹಾರಿಹ್ವಾತು.

...

...ಸುಮ್ನ ಹೇಳಿದೆ. ನಿನ್ನ ಕರುಣಾ ಬ್ಯಾಡ ನನಗ.

...ಬರ‍್ತೀಯೇನು? ಮಳಿ ಇನ್ನಾ ನಾಕೈದು ದಿನ ಐತಿ. ನಾಯೀನ್ನ ಕುಬಿಹಾಳದಾಗ ನಮ್ಮ ಅಕ್ಕ ರೇವವ್ವನ ಮನ್ಯಾಗ ಬಿಟ್ಟು ಬರ್ತೀನಿ. ಟೆಂಟ್ ಪೂರಾ ಒಗದು ಒಣಗಸ್ತೀನಿ, ಮಳ್ಯಾಗ ಒಣಗೂದಿಲ್ಲ, ಆದ್ರೂ ಹೆಂಗರ ಮಾಡಿ... ಬ್ಯಾಡ?

...ನಾಯಿದು ತಪ್ಪಿಲ್ಲ. ಹೂಂ. ತಪ್ಪು ಅವುದಲ್ಲ.

...ಹಂಗಾರ ಬರೂದಿಲ್ಲ.

...ಇಲ್ಲ ಇಲ್ಲ, ಮೊಣಕಾಲ ನೋವಿನ ಮಾತು ಬ್ಯಾಡ. ಬರೂದಿಲ್ಲ ಅಂದಿಯಲ್ಲ, ಅಷ್ಟು ಸಾಕು. ನೀ ಯಾವತ್ತೂ ಎರಡು ಕಾರಣ ಹೇಳಾಂವ ಅಲ್ಲ, ಈಗ ಹೇಳಿದ್ರ ನನಗ ಮತ್ತಷ್ಟು ಕೆಟ್ಟ ಅನಸ್ತೈತಿ... ಸಿಟ್ಟಿಲ್ಲ? ಸಿಟ್ಟು ಹೋಗೇತಿ, ಆದ್ರ ಮನಸು ಆ ಕಡೆ ಬರವಲ್ಲದು. ತಿಳೀತು. ತಿಳೀತಲೇ. ಖರೇ ಹೇಳಿದಿ, ಚಲೋ ಆತು.

...

...ಏನಿಲ್ಲ. ಮೂಗ ಸುರಿಯಾಕತ್ತೈತಿ, ನೆಗಡಿ. ಹೌದು ತೊಯ್ದೀನಿ, ಛತ್ರಿ ಯಾವಾಗೋ ಗಾಳೀಗೆ ಹಾರಿಹೋತು. ಇಡ್ತೀನಿ ಹಂಗಾರ. ಭಾಭೀಗೆ ಸಲಾಂ ಹೇಳು. ರೇಷ್ಮಾಗ ಬೈಬ್ಯಾಡ, ಆಕಿ ಹೇಳದಿದ್ರ ನಾ ಸಾಯೂ ತನಕ ಹಕ್ಕಿ ಸಲುವಾಗಿ ಅಂದ್ಕೊಂಡೇ ಇರತಿದ್ದೆ.

...ಆಂ? ಏನೋ ಅಂದಿ. ಕೇಳಲಿಲ್ಲ, ಮಳಿ ಜೋರಾತು.

...ನಾನಾ? ನಾ ಏನು?... ಯಾವಾಗ ಏನು? ಒಡದು ಒಡದು ಕೇಳಾಕತ್ತೈತಿ. 'ಅಣ್ಣಿಗೇರಿಗೆ ನೀನೇ ಯಾವಾಗ' ಅಂದಿ, ಮುಂದ? ಯಾವಾಗ ಬರ‍್ತೀ ಅಂದ್ಯಾ?... ಇಮಾಮ? ಹಂಗೇ ಅಂದಿಯಲ್ಲ?

...ಇವತ್ತೇ! ಇವತ್ತೇ ಬರ‍್ತೀನಿ. ಟೆಂಟ್ ಬಿಚ್ಚಾಕ ಅರ್ಧಾ ತಾಸು, ಕಲಘಟಗ್ಯಾಗ ಒಂದ ಟೆಂಪೋ ಹಿಡೀತೀನಿ. ನಾಯೀನ್ನ ಅಕ್ಕನ ಕಡೆ ಬಿಟ್ಟೇ ಬರ‍್ತೀನಿ, ನಿಮ್ಮ ಓಣಿ ತನಕಾನೂ ತರೂದಿಲ್ಲ. ಜಳಕಾ ಮಾಡಿ, ಒಗದ ಅರಬಿ ಹಾಕ್ಕೊಂಡು, ಬಾಗಲದಾಗ ನಿಂದರ‍್ತೀನಿ. ನೀ ಒಳಗ ಬಾ ಅಂದ್ರ ಬರ‍್ತೀನಿ, ಇಲ್ಲಂದ್ರ ಅಲ್ಲೇ ನಿಂದರ‍್ತೀನಿ, ಮಳಿ ಇದ್ರೂ ನಿಂದರ‍್ತೀನಿ... ಇಮಾಮ? ಕೇಳಾಕತ್ತೈತೇನೋ?... ಹಲೋ?... ಹಲೋ, ಇವತ್ತ ಅಂದೆನೋ... ಹಲೋ...