ಅಡಗಿ ಕಲ್ಲವ್ವ ಉಳದ ಕಾನ್ವೆಂಟ್

...ಅಲ್ಲಲೇ ಮೊಮ್ಮಕ್ಕಳಾ, ಕಾನ್ವೆಂಟ್ ಅಂದ್ರ ನಿಮ್ಮ ಇಂಗ್ಲಿಷ್ ಸಾಲಿ ಅಲ್ಲ, ಸನ್ಯಾಸ ತಗೊಂಡ ಸಿಸ್ಟರ್‌ಗೋಳು ಇರೂ ಮನಿ. ಮಠ ಇದ್ದಂಗ ಅಂತ ತಿಳ್ಕೊಳ್ರಿ. ಬಮ್ಮಿಗಟ್ಟಿ ದಾಟಿದ ಮ್ಯಾಲೆ ಬರ್ತೈತಿ. ನಮ್ಮವ್ವ ಸತ್ತ ವರ್ಷ ಮನ್ಯಾಗ ಒಂದು ಕಾಳು ಜ್ವಾಳ ಇಲ್ಲ, ಅಪ್ಪ ನನ್ನ ಚಕ್ಕಡ್ಯಾಗ ಕುಂದರಿಸಿ ಅಲ್ಲೆ ಬಿಟ್ಟು ಬಂದ. "ಪಂಚಮಿಗೆ ಕರಿಯಾಕ ಬರ್ತೀನವ್ವಾ" ಅಂದ. ಯಾವ ಪಂಚಮಿ ಅಂತ ಹೇಳಲೇ ಇಲ್ಲ ನೋಡ್ರಿ.

ಅಲ್ಲೆ ಕಲ್ಲವ್ವ ಇದ್ಲು, ನನ್ನ ವಾರಿಗಿ ಹುಡುಗಿ. ಆಕಿಗೂ ಯಾರೂ ಇದ್ದಿಲ್ಲ. ಇಬ್ಬರಿಗೂ ಒಂದ ಚಾಪಿ, ಒಂದ ಕೌದಿ. ಮುಂಜಾನೆ ಗಂಟಿ ಆತಂದ್ರ ಸಿಸ್ಟರ್‌ಗೋಳು ಪ್ರಾರ್ಥನಾಕ್ಕ, ನಾವು ನೀರಿಗೆ. ದೊಡ್ಡ ಸಿಸ್ಟರ್ ಕೇರಳದವ್ರು, ಕನ್ನಡ ಹರಕಮುರಕ, "ಊಟ ಮಾಡ್ತು?" ಅನ್ನೂರು, ನಾವು ನಗೂದು. ಉಣ್ಣಾಕ ಎಲ್ಲಾರೂ ಒಂದ ಸಾಲಾಗ, ಸಿಸ್ಟರ್‌ಗೋಳೂ ನಮ್ಮ ಬಾಜೂಕ, ಅದ ನುಚ್ಚು, ಅದ ಸಾರು. ಮುಂದ ನಾ ಲಗ್ನಾಗಿ ಮೊರಬಕ್ಕ ಬಂದೆ. ಕಲ್ಲವ್ವ ಅಡಗಿ ಮನ್ಯಾಗ ಉಳಕೊಂಡ್ಲು. ಸಿಸ್ಟರೂ ಆಗಲಿಲ್ಲ, ಪಗಾರದ ಆಳೂ ಅಲ್ಲ. ಹಂಗ ಉಳದ್ಲು.

ಹೋದ ವರ್ಷ... ಅಲ್ಲ, ಅದರ ಹಿಂದಿನ ವರ್ಷ, ನಿಮ್ಮಪ್ಪನ ಜೋಡಿ ನೋಡಾಕ ಹೋದೆ. ಕಾನ್ವೆಂಟ್ ಮುಚ್ಚಿತ್ತು. ಹೊಸದಾಗಿ ಸಿಸ್ಟರ್ ಆಗಾಕ ಯಾರೂ ಬರಲಿಲ್ಲಂತ, ಇದ್ದ ಮುದುಕ್ಯಾರನ್ನ ಜೀಪಿನ್ಯಾಗ ಕರಕೊಂಡು ಹೋದ್ರಂತ. ಪ್ರಾರ್ಥನಾ ಮಾಡೂ ಜಾಗಾದಾಗ ಯಾರೋ ಹತ್ತಿ ಚೀಲ ಒಟ್ಟಿದ್ರು. ಹಿಂದ ಅಡಗಿ ಮನಿಂದ ಹೊಗಿ ಬರ್ತಿತ್ತು. ಹಣಿಕಿ ಹಾಕಿದ್ರ, ಕಲ್ಲವ್ವ! ಅರ್ಧ ಹಂಚು ಹಾರಿ ಹೋಗ್ಯಾವ, ಬಿಸಲಾಗ ಒಲಿ ಊದಕೋತ ಕುಂತಾಳ.

"ಕಲ್ಲೀ, ನಿನ್ನ ಬಿಟ್ಟು ಹೋದ್ರೇನಬೇ?"

"ಸಿಸ್ಟರ್‌ಗೋಳನ್ನ ಒಯ್ಯಾಕ ಬಂದಿದ್ರು. ನಾ ಸಿಸ್ಟರ್ ಅಲ್ಲಲ್ಲ."

"ಏಳ, ನಮ್ಮನಿಗೆ ಹೋಗೂಣು."

ಸೌಟು ಕೆಳಗಿಟ್ಟು ನನ್ನ ನೋಡಿದ್ಲು. "ನಿಮ್ಮನ್ಯಾಗ ನಾ ಯಾರಂತ ಹೇಳ್ತಿ? ಇಲ್ಲೆ ಆದ್ರ ನಾ ಅಡಗಿ ಕಲ್ಲವ್ವ."

"ನಮ್ಮಕ್ಕ ಅಂತೀನಿ."

"ನಿನ್ನ ಸೊಸಿ ಅಂತಾಳೇನ?"

ನಿಮ್ಮಪ್ಪ ನೆಲಾ ನೋಡಕೋತ ನಿಂತಿದ್ದ. ಆಕಿ ನುಚ್ಚು ಹಾಕಿದ್ಲು, ಉಂಡೆ, ಬಂದೆ.

ದೀಪಾವಳಿ ಆದ ಮ್ಯಾಲೆ ಮತ್ತ ಹೋದೆ, ಮನ್ಯಾಗ ಎಲ್ಲಾರನ್ನೂ ಒಪ್ಪಿಸಿ ಹೋದೆ. ಒಲಿ ತಣ್ಣಗ. ಹತ್ತಿ ಕಾಯೂ ಮನಷ್ಯಾ ಅಂದ, "ಆ ಮುದುಕೇನ್ರಿ? ಮಳಿಗಾಲದಾಗ ಸತ್ಲರಿ."

"ಎಲ್ಲೆ ಮಣ್ಣು ಮಾಡಿದ್ರಪಾ?"

"ಯಾವ ಜಾತಿ ಮಂದಿ ಅಂತ ಯಾರಿಗೂ ಗೊತ್ತಾಗಲಿಲ್ರಿ. ಹಳ್ಳದ ದಂಡಿಗೆ ಎಲ್ಲೋ ಇಟ್ರು."

ಹಳ್ಳ ಅಡ್ಡಾಡಿ ಬಂದೆ. ಎಲ್ಲಾ ಕಡೆ ಒಂದ ನಮೂನಿ ಮಣ್ಣು. ಮನಿಗೆ ಬಾ ಅಂತ ಕರಿಯೂದು ಸರಳ ಐತ್ರೋ. ಬಂದಾಕಿನ್ನ ಎಲ್ಲೆ ಮಲಗಸ್ತೀವಿ ಅನ್ನೂದನ್ನ ಮನ್ಯಾಗ ಮೊದಲ ಮಾತಾಡ್ಕೊಂಡು, ಆಮ್ಯಾಲೆ ಕರಿಯಾಕ ಹೋಗ್ರಿ.